ಬಳಕೆಯಲ್ಲಿರುವ ಬೆಂಕಿ

ಕಲ್ಲಜ್ಜ ತೀರಿಕೊಂಡ ದಿನ ಹದಕೇರಿಯ ಬೆಂಕಿಯನ್ನು ಅಳಿಸಿಹಾಕಿದರು. ಹೆಣ ಇನ್ನೂ ಅಂಗಳದಲ್ಲಿತ್ತು.

ಅಳಿಸಿದವರು ಪುರಸಭೆಯ ಮುಖ್ಯಾಧಿಕಾರಿ ಗುರುಪಾದಯ್ಯನವರು. ಅವರು ನಮ್ಮ ಊರಿಗೆ ವರ್ಗವಾಗಿ ಬಂದು ಬಹಳ ದಿನವಾಗಿರಲಿಲ್ಲ. ಬಂದವರೇ ಕಚೇರಿಯ ಗೋಡೆಗೆ ಸುಣ್ಣ ಹೊಡೆಸಿದರು, ಹಿತ್ತಲಿನ ಜಾಲಿ ಕಡಿಸಿದರು, ಆಮೇಲೆ ಕಂಪ್ಯೂಟರನ್ನು ಸ್ವಚ್ಛ ಮಾಡಲು ಕುಳಿತರು. ನಮ್ಮ ಊರಿನ ಬೆಂಕಿಯೆಲ್ಲ ಆ ಕಂಪ್ಯೂಟರಿನಲ್ಲಿದೆ. ಬೀದಿಗೊಂದು ಫೈಲು. ಫೈಲು ಇದ್ದರೆ ಆ ಬೀದಿಯಲ್ಲಿ ಕಡ್ಡಿ ಗೀರಿದಾಗ ಹತ್ತುತ್ತದೆ, ಇಲ್ಲದಿದ್ದರೆ ಹತ್ತುವುದಿಲ್ಲ. ಬೇರೆ ಊರುಗಳಲ್ಲಿ ಹೇಗೋ ನನಗೆ ಗೊತ್ತಿಲ್ಲ. ನಮ್ಮಲ್ಲಿ ಹೀಗೆ. ಅವ್ವ ಮದುವೆಯಾಗಿ ಬಂದಾಗಲೂ ಹೀಗೆಯೇ ಇತ್ತಂತೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದು ಬೀದಿಯಲ್ಲಿ ಒಂದೇ ಒಂದು ಒಲೆ ಉರಿಯುತ್ತಿದ್ದರೂ ಅದರ ಫೈಲನ್ನು ಅಳಿಸಲು ಬರುವುದಿಲ್ಲ. 'ಈ ಫೈಲು ಬಳಕೆಯಲ್ಲಿದೆ' ಎಂದು ಪರದೆಯ ಮೇಲೆ ಬರುತ್ತದೆ. ಯಾವ ಬೀದಿಯಲ್ಲಾದರೂ ಯಾವ ಹೊತ್ತಿನಲ್ಲಾದರೂ ಯಾರೋ ಒಬ್ಬರು ಚಹಾ ಕಾಯಿಸುತ್ತಿರುತ್ತಾರೆ, ಇಲ್ಲವೇ ಬೀಡಿ ಸೇದುತ್ತಿರುತ್ತಾರೆ. ಹಾಗಾಗಿ ಬೆಂಕಿ ಅಳಿಯುವುದು ಸುಲಭವಲ್ಲ. ಆದರೆ ಚರ್ಮ ಹದ ಮಾಡುವವರ ಹದಕೇರಿಯಲ್ಲಿ ಒಂದು ರೂಢಿಯಿತ್ತು. ಕೇರಿಯಲ್ಲಿ ಯಾರಾದರೂ ಸತ್ತರೆ ಮಣ್ಣು ಮಾಡಿ ಬರುವ ತನಕ ಯಾವ ಮನೆಯಲ್ಲೂ ಬೆಂಕಿ ಇರಬಾರದು. ಒಲೆ ಬೇಡ, ದೀಪ ಬೇಡ, ಬೀಡಿಯೂ ಬೇಡ. ಹೆಣಕ್ಕೆ ತಣ್ಣೀರು ಸ್ನಾನ. ಹೆಣದ ಮುಂದೆ ಬಾರಿಸುವ ಹಲಗೆಯನ್ನೂ ಕಾಸುವಂತಿಲ್ಲ. ಊರಿನ ಉಳಿದವರ ಸಾವಿಗೆ ಅವರು ಹಲಗೆಯನ್ನು ಬೆಂಕಿಗೆ ಹಿಡಿದು, ಚರ್ಮ ಬಿಗಿಯಾದ ಮೇಲೆ ಕಣಕಣ ಬಾರಿಸುತ್ತಿದ್ದರು. ತಮ್ಮವರ ಸಾವಿಗೆ ಮಾತ್ರ ತಣ್ಣನೆಯ ಹಲಗೆ. ನೆನೆದ ಗೋಣಿಚೀಲವನ್ನು ಬಡಿದಂತೆ ಕೇಳುತ್ತಿತ್ತು.

ಆ ಮಧ್ಯಾಹ್ನ ಹದಕೇರಿಯಲ್ಲಿ ಒಂದು ಕಿಡಿಯೂ ಇರಲಿಲ್ಲ. ಫೈಲು ಸುಮ್ಮನೆ ಬಿದ್ದಿತ್ತು. ಗುರುಪಾದಯ್ಯನವರು ಒತ್ತಿದರು, ಹೋಯಿತು.

ನಾನು ಆ ಕಚೇರಿಯಲ್ಲಿ ಫೈಲು ತಪಾಸಣೆಯ ಕೆಲಸದವಳು. ಹೆಸರು ಕಸ್ತೂರಿ, ಮನೆ ಗಾಣದ ಬೀದಿಯಲ್ಲಿ. ಆ ದಿನ ರಜೆಯಲ್ಲಿದ್ದೆ. ಪರಿಚಯವಿಲ್ಲದ ಫೈಲು ಕಂಡರೆ ಕೇಳಬೇಕಾದ ಪ್ರಶ್ನೆಗಳನ್ನು ನಮಗೆ ಕೆಲಸಕ್ಕೆ ಸೇರುವಾಗಲೇ ಕಲಿಸಿರುತ್ತಾರೆ. ಅದು ಎಲ್ಲಿದೆ? ಅದಕ್ಕೆ ಸಹಿ ಹಾಕಿದವರು ಯಾರು? ಅದು ಏನು ಮಾಡುತ್ತದೆ? ಮೊದಲಿನ ಎರಡಕ್ಕೆ ಕಂಪ್ಯೂಟರೇ ಉತ್ತರ ಕೊಡುತ್ತದೆ. ಮೂರನೆಯದನ್ನು ಕುಳಿತು ನೋಡಿ ತಿಳಿಯಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಗುರುಪಾದಯ್ಯನವರು ಎರಡಕ್ಕೇ ನಿಲ್ಲಿಸಿದ್ದರು. ಹದಕೇರಿಯ ಫೈಲು ಮೂಲ ಫೋಲ್ಡರಿನಲ್ಲಿ ಇರಲಿಲ್ಲ, 'ಇತರೆ' ಎಂಬ ಫೋಲ್ಡರಿನಲ್ಲಿತ್ತು. ಅದರ ಮೇಲೆ ಯಾರ ಸಹಿಯೂ ಇರಲಿಲ್ಲ. ಬಹಳ ಹಿಂದೆ ಎಲ್ಲ ಬೀದಿಗಳಿಗೆ ಸಹಿ ಹಾಕಿದ ಅಧಿಕಾರಿ, ಈ ಒಂದು ಫೈಲಿನ ಪಕ್ಕದಲ್ಲಿ ತಮ್ಮ ಹೆಸರು ಕಾಣುವುದು ಬೇಡ ಎಂದರಂತೆ. ಇದನ್ನು ನಮ್ಮ ಕಚೇರಿಯಲ್ಲಿ ಎಲ್ಲರೂ ತಮಾಷೆಯಾಗಿ ಹೇಳಿಕೊಳ್ಳುತ್ತಿದ್ದರು.

ಮಣ್ಣು ಮಾಡಿ ಬಂದ ಮೇಲೆ ಸತ್ತವರ ಮನೆಯ ಒಲೆಯನ್ನೇ ಮೊದಲು ಹಚ್ಚಬೇಕು. ಕಲ್ಲಜ್ಜನ ಸೊಸೆ ಹುಲಿಗೆವ್ವ ಹಚ್ಚಲು ಕುಳಿತಳು. ಹಲಗೆಗೆ ಚರ್ಮ ಬಿಗಿಯುವುದರಲ್ಲಿ ಕೇರಿಯಲ್ಲಿ ಅವಳದೇ ಕೈ. ಕಡ್ಡಿ ಗೀರಿದಳು. ಸಿರ್ ಎಂದು ಸದ್ದಾಯಿತು, ಮದ್ದಿನ ವಾಸನೆ ಬಂತು, ಬೆಂಕಿ ಬರಲಿಲ್ಲ.

"ಕಡ್ಡಿಪೆಟಗಿ ತಂಪ ಹಿಡದೈತಿ," ಎಂದ ಅವಳ ಗಂಡ ದ್ಯಾಮಪ್ಪ.

"ನಿನ್ನ ತಲಿ ತಂಪ ಹಿಡದೈತಿ. ಈಗರ ಅಂಗಡಿಂದ ತಂದದ್ದು."

ಪಕ್ಕದ ಮನೆಯವರು ತಮ್ಮ ಪೆಟ್ಟಿಗೆ ಕೊಟ್ಟರು. ಗ್ಯಾಸು ಇದ್ದವರು ಗ್ಯಾಸು ತಿರುಗಿಸಿ ನೋಡಿದರು. ಬುಸ್ ಎಂದಿತು, ಅಷ್ಟೇ. ದ್ಯಾಮಪ್ಪ ಬೀಡಿ ಕಚ್ಚಿಕೊಂಡು ಕೇರಿಯ ತುದಿಗೆ ಬಂದ. ಹದಕೇರಿಗೂ ನಮ್ಮ ಗಾಣದ ಬೀದಿಗೂ ನಡುವೆ ಒಂದು ನೆಟ್ಟ ಕಲ್ಲಿದೆ. ಕಲ್ಲು ದಾಟಿ ನಿಂತು ಗೀರಿದ, ಹತ್ತಿತು. ಒಂದು ದಮ್ಮು ಎಳೆದು ಖುಷಿಯಿಂದ ಕೇರಿಯತ್ತ ಹೆಜ್ಜೆ ಇಟ್ಟ, ಆರಿತು. ಹಿಂದೆ ಬಂದು ಮತ್ತೆ ಹಚ್ಚಿದ. ಹೆಜ್ಜೆ ಇಟ್ಟ, ಆರಿತು. ಅವನು ಕಲ್ಲಿನ ಆಚೆ ಈಚೆ ಕುಣಿದಂತೆ ಮಾಡುವುದನ್ನು ನೋಡಿ ಸಾವಿನ ಮನೆಯವರೂ ನಕ್ಕರು. ಯಾಕೆ ಆರುತ್ತಿದೆ ಎಂದು ತಿಳಿದಾಗ ನಗು ನಿಂತಿತು.

ಮರುದಿನ ಅವರೆಲ್ಲ ಕಚೇರಿಗೆ ಬಂದರು. ಗುರುಪಾದಯ್ಯನವರು ಕುರ್ಚಿಯಿಂದ ಎದ್ದು ನಿಂತೇ ಮಾತಾಡಿದರು. ಅವರು ಯಾರನ್ನೂ ಗದರುವವರಲ್ಲ.

"ನೋಡಿ ಅಮ್ಮಾ, ನಾನು ನಿಮ್ಮ ಬೆಂಕಿ ತೆಗೆದಿಲ್ಲ. ಒಂದು ಅಪರಿಚಿತ ಫೈಲು ತೆಗೆದಿದ್ದೀನಿ."

"ಅದೇ ನಮ್ಮ ಬೆಂಕಿರಿ," ಎಂದಳು ಹುಲಿಗೆವ್ವ.

"ನಿಮ್ಮದು ಅಂತ ಅದರ ಮೇಲೆ ಎಲ್ಲಿತ್ತು? ಯಾರ ಸಹಿಯೂ ಇಲ್ಲ, ಇರಬೇಕಾದ ಜಾಗದಲ್ಲೂ ಇಲ್ಲ. ಅಂಥದ್ದನ್ನ ಇಟ್ಕೊಂಡು ನಾಳೆ ಇಡೀ ಊರಿಗೆ ಏನಾದ್ರೂ ಆದ್ರೆ ಯಾರು ಹೊಣೆ?"

"ಇರಬೇಕಾದ ಜಾಗಾ ಯಾವದ್ರಿ?"

"ಮೂಲ ಫೋಲ್ಡರು."

"ಅಲ್ಲಿ ಇಡಬ್ಯಾಡ ಅಂದವ್ರು ಯಾರ್ರಿ? ನಾವೇನು?"

ಗುರುಪಾದಯ್ಯನವರು ನನ್ನನ್ನು ನೋಡಿದರು. ನಾನು ಪರದೆಯನ್ನು ನೋಡಿದೆ. ಅಳಿಸಿದ್ದನ್ನು ಮರಳಿ ತರಲು ಬರುವುದಿಲ್ಲ, ಹೊಸದಾಗಿ ಅರ್ಜಿ ಕೊಡಿ, ಯಾವುದಾದರೂ ಒಂದು ಬೀದಿಯವರು ನಿಮ್ಮ ಬೆಂಕಿಗೆ ಜಾಮೀನು ನಿಂತು ಸಹಿ ಹಾಕಲಿ ಎಂದರು ಸಾಹೇಬರು. "ಅಷ್ಟೇ ತಾನೆ? ಊರಲ್ಲಿ ಇಷ್ಟು ಬೀದಿಗಳಿವೆ."

ಹತ್ತಿರದ ಬೀದಿಯೆಂದು ಅವರು ಮೊದಲು ನಮ್ಮನ್ನೇ ಕೇಳಿದರು. ಗಾಣದ ಬೀದಿಯ ಹಿರಿಯರು ಸಭೆ ಸೇರಿದರು. ಪಾಪ, ಬೆಂಕಿ ಇಲ್ಲದೆ ಹೇಗೆ ಬದುಕುತ್ತಾರೆ ಎಂದು ಎಲ್ಲರೂ ಮರುಗಿದರು. ಆಮೇಲೆ ಒಬ್ಬರು ನನ್ನತ್ತ ತಿರುಗಿ, ಸಹಿ ಹಾಕಿದರೆ ನಮ್ಮ ಬೀದಿಯ ಹೆಸರು ಆ ಫೈಲಿನ ಪಕ್ಕದಲ್ಲಿ ಕಾಣುತ್ತದೆಯೇ ಎಂದು ಕೇಳಿದರು. ಕಾಣುತ್ತದೆ ಎಂದೆ. ಅಲ್ಲಿಗೆ ಸಭೆ ಮುಗಿಯಿತು. ಸಹಿ ಬೇಡ, ಬೇಕಾದರೆ ಕಲ್ಲಿನ ಈಚೆ ಬಂದು ಅಡುಗೆ ಮಾಡಿಕೊಳ್ಳಲಿ ಎಂದು ತೀರ್ಮಾನವಾಯಿತು. ಉಳಿದ ಬೀದಿಗಳು ಸಭೆಯನ್ನೂ ಸೇರಲಿಲ್ಲ.

ಹಾಗೆ ನಮ್ಮ ಬೀದಿಯ ತುದಿಯಲ್ಲಿ, ಕಲ್ಲಿನ ಮಗ್ಗುಲಿಗೆ, ಹದಕೇರಿಯ ಒಲೆಗಳು ಸಾಲಾಗಿ ಬಂದವು. ಮೂರು ಕಲ್ಲು ಹೂಡಿ ಅಲ್ಲೇ ರೊಟ್ಟಿ ಬಡಿಯುತ್ತಿದ್ದರು. ಬೆಂಕಿ ಕಲ್ಲು ದಾಟುತ್ತಿರಲಿಲ್ಲ, ಬಿಸಿ ದಾಟುತ್ತಿತ್ತು. ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿ, ಸಾರಿನ ಪಾತ್ರೆಯನ್ನು ಎದೆಗೆ ಅವಚಿಕೊಂಡು ಓಡುತ್ತಿದ್ದರು. ಹುಲಿಗೆವ್ವನೂ ತನ್ನ ಕೆಲಸವನ್ನು ಅಲ್ಲಿಗೇ ತಂದಳು. ಬಿಗಿದ ಹಲಗೆಯನ್ನು ಬೆಂಕಿಗೆ ಹಿಡಿದು ಬೆರಳಿನಿಂದ ತಟ್ಟಿ ಸದ್ದು ನೋಡುವಳು. ಕೇರಿಗೆ ಒಯ್ಯುವಷ್ಟರಲ್ಲಿ ಅದು ತಣ್ಣಗಾಗಿ ಸದ್ದು ಕೆಡುತ್ತಿತ್ತು. ಮಳೆ ಬಂದರೆ ಇಬ್ಬರು ತಗಡು ಹಿಡಿದು ನಿಲ್ಲುತ್ತಿದ್ದರು, ಒಬ್ಬರು ಬೇಯಿಸುತ್ತಿದ್ದರು.

ದ್ಯಾಮಪ್ಪ ಬೀಡಿಗೆ ತನ್ನದೇ ದಾರಿ ಕಂಡುಕೊಂಡಿದ್ದ. ಕಾಲನ್ನು ಹದಕೇರಿಯಲ್ಲಿಟ್ಟು, ಕಲ್ಲಿನ ಮೇಲೆ ಎದೆಯೊರಗಿಸಿ, ಕುತ್ತಿಗೆಯನ್ನು ನಮ್ಮ ಬೀದಿಗೆ ಚಾಚಿ ಸೇದುತ್ತಿದ್ದ. ಕಚೇರಿಗೆ ಹೋಗುವ ನನ್ನನ್ನು ಕಂಡರೆ, "ಮೈ ನಮ್ಮ ಕೇರಿದು, ಬಾಯಿ ನಿಮ್ಮ ಓಣಿದು, ಕಸ್ತೂರವ್ವ. ನಾಳೆ ಸತ್ರ ನೀವು ತಲಿ ಹೊರ್ರಿ, ಉಳದದ್ದು ನಮ್ಮವರು ಹೊರಲಿ," ಎನ್ನುತ್ತಿದ್ದ.

ನಮ್ಮ ಬೀದಿಯವರು ಮೊದಲು ಉಪ್ಪಿನಕಾಯಿ ಕೊಟ್ಟರು. ಸ್ವಲ್ಪ ದಿನದ ಮೇಲೆ ಹೊಗೆ ಮನೆಯೊಳಗೆ ಬರುತ್ತದೆ ಎಂದರು. ಆಮೇಲೆ ಬೂದಿ ನೀವೇ ಎತ್ತಬೇಕು, ಆಮೇಲೆ ಬೆಳಗ್ಗೆ ಮಾತ್ರ ಹಚ್ಚಬೇಕು, ಆಮೇಲೆ ನಮ್ಮ ಪೂಜೆಯ ಹೊತ್ತು ಮುಗಿದ ಮೇಲೆ ಹಚ್ಚಬೇಕು. ಹದಕೇರಿಯವರು ಒಂದೊಂದಕ್ಕೂ ಹೂಂ ಎಂದರು. ಮಕ್ಕಳು ಶಾಲೆಗೆ ಹಸಿ ಅವಲಕ್ಕಿ ತಿಂದು ಹೋದವು.

ಹದಕೇರಿಯಲ್ಲಿ ಹಿಂದಿನಿಂದಲೂ ಒಂದು ಓದುಕೂಟ ಇತ್ತು. ಸಂಜೆ ಹುಲಿಗೆವ್ವನ ಮನೆಯ ಕಟ್ಟೆಯ ಮೇಲೆ ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಚರ್ಮ ಹೆರೆಯುತ್ತ, ದಾರ ಹೊಸೆಯುತ್ತ ಕೇಳುವುದು, ನಡುನಡುವೆ ಓದಿದ್ದರ ಮೇಲೆ ಜಗಳ ತೆಗೆಯುವುದು. ಪೇಪರು ಓದುತ್ತಿದ್ದರು, ಕಾನೂನಿನ ಪುಸ್ತಕ ಓದುತ್ತಿದ್ದರು. ಬೆಂಕಿ ಹೋದ ಮೇಲೆ ಊರಿನ ಗ್ರಂಥಾಲಯದಿಂದ ಕಂಪ್ಯೂಟರಿನ ಪುಸ್ತಕಗಳನ್ನು ಒಂದೊಂದಾಗಿ ತಂದು ಓದತೊಡಗಿದರು. ಗ್ರಂಥಾಲಯದಲ್ಲಿ ಯಾರು ಬೇಕಾದರೂ ಬಳಸುವ ಒಂದು ಹಳೆಯ ಕಂಪ್ಯೂಟರಿದೆ. ಅದಕ್ಕೂ ನಮ್ಮ ಕಚೇರಿಯದಕ್ಕೂ ಒಂದೇ ತಂತಿ. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ, ಯಾರೂ ಅದರ ಬಗ್ಗೆ ಯೋಚಿಸಿರಲಿಲ್ಲ.

ಚಳಿಗಾಲ ಶುರುವಾದಾಗ ಒಂದು ಬೆಳಗ್ಗೆ ಅವ್ವ ಅಂಗಳ ಗುಡಿಸುತ್ತ, "ಇವತ್ತ ಕಲ್ಲಿನ ಹಂತ್ಯಾಕ ಯಾರೂ ಬಂದಿಲ್ಲಲ್ಲ. ಉಪಾಸ ಏನು ಎಲ್ಲಾರೂ?" ಎಂದಳು. ನಾನು ಹೊರಗೆ ಬಂದು ನೋಡಿದೆ. ಹದಕೇರಿಯ ಮಾಡುಗಳ ಮೇಲೆ ಹೊಗೆ ಏಳುತ್ತಿತ್ತು.

ಕಚೇರಿಗೆ ಹೋಗುವಷ್ಟರಲ್ಲಿ ಗುರುಪಾದಯ್ಯನವರು ನನ್ನ ಮೇಜಿನ ಪಕ್ಕ ನಿಂತಿದ್ದರು. "ಹೊಸ ಫೈಲೊಂದು ಬಂದಿದೆ. ನಾನು ಇನ್ನೂ ಮುಟ್ಟಿಲ್ಲ. ಈ ಸಲ ಕ್ರಮವಾಗಿ ತಪಾಸಣೆ ಮಾಡಿ. ಯಾರೂ ಬೆರಳು ತೋರಿಸೋ ಹಾಗಿರಬಾರದು."

ಫೈಲಿನ ಹೆಸರು 'ಕೆಂಡ'. ಇದ್ದದ್ದು ಮೂಲ ಫೋಲ್ಡರಿನಲ್ಲೇ, ಕಂಬಾರ ಓಣಿಯ ಬೆಂಕಿಗೂ ಗಾಣದ ಬೀದಿಯ ಬೆಂಕಿಗೂ ನಡುವೆ. ಸಹಿಯೂ ಇತ್ತು: ಹದಕೇರಿ ಓದುಕೂಟ. 'ಈ ಸಹಿ ಗುರುತಿಲ್ಲ' ಎಂದು ಕಂಪ್ಯೂಟರು ಹೇಳಿತು. ಇನ್ನುಳಿದದ್ದು ಮೂರನೆಯ ಪ್ರಶ್ನೆ. ನಾನು ಹಲವು ದಿನ ಅದನ್ನೇ ನೋಡುತ್ತ ಕುಳಿತೆ.

ಅದು ಬೆಳಗಾಗುತ್ತಲೇ ಹೊರಡುತ್ತಿತ್ತು. ಒಂದೊಂದು ಬೀದಿಯ ಫೈಲಿನ ಮುಂದೆ ಹೋಗಿ ನಿಲ್ಲುತ್ತಿತ್ತು. ಕೇಳುತ್ತಿತ್ತು. ಕಾಯುತ್ತಿತ್ತು. ಆ ಫೈಲು ಕೊಟ್ಟರೆ ಒಂದು ಕೆಂಡದಷ್ಟು ತೆಗೆದುಕೊಂಡು ಮುಂದಿನ ಬೀದಿಗೆ ಹೋಗುತ್ತಿತ್ತು. ಆ ಹೊತ್ತಿಗೆ ಬರೀ ಬೀಡಿಯಷ್ಟೇ ಹತ್ತಿದ ಬೀದಿಯಿದ್ದರೆ ಕೇಳದೆ ಮುಂದೆ ಸಾಗುತ್ತಿತ್ತು. ಕೂಡಿಸಿಕೊಂಡದ್ದನ್ನೆಲ್ಲ ಹದಕೇರಿಗೆ ಒಯ್ದು ಇಡುತ್ತಿತ್ತು. ಇಷ್ಟೇ ಅದರ ಕೆಲಸ. ನೋಡುತ್ತ ನೋಡುತ್ತ ಇದನ್ನು ಎಲ್ಲೋ ಕಂಡಿದ್ದೇನೆ ಅನ್ನಿಸಿತು. ನಮ್ಮ ಬೀದಿಯಲ್ಲಿ ಯಾರ ಒಲೆ ಮೊದಲು ಹತ್ತುತ್ತದೋ ಅವರ ಮನೆಗೆ ಉಳಿದವರು ಕುಳ್ಳಿನ ಚೂರು ಹಿಡಿದು ಹೋಗಿ ಕೆಂಡ ಇಸಿದುಕೊಂಡು ಬರುತ್ತಾರೆ. ಕಡ್ಡಿಪೆಟ್ಟಿಗೆ ಇದ್ದರೂ ಹೋಗುತ್ತಾರೆ. ಕೆಂಡ ಕೇಳಿದವರಿಗೆ ಇಲ್ಲವೆಂದ ಮನೆ ನಮ್ಮ ಊರಿನಲ್ಲಿಲ್ಲ. ಹದಕೇರಿಯವರು ಮಾತ್ರ ಹಾಗೆ ಕೇಳಿಕೊಂಡು ಬಂದದ್ದನ್ನು ನಾನು ಕಂಡಿಲ್ಲ. ಬರುವ ಹಾಗಿರಲಿಲ್ಲ.

ಬರೆದವರ ಹೇಳಿಕೆ ತಪಾಸಣೆಗೆ ಬೇಕಾಗುತ್ತದೆ. ಹುಲಿಗೆವ್ವನ ಮನೆಗೆ ಹೋದೆ. ಅವಳು ಚಹಾಕ್ಕೆ ಇಟ್ಟಿದ್ದಳು.

"ಇದನ್ನ ಬರದವ್ರು ಯಾರು, ಹುಲಿಗೆವ್ವ?"

"ಎಲ್ಲಾರೂ. ನಂದೂ ಒಂದು ಸಾಲು ಐತಿ."

"ಯಾವುದು?"

"ಕೇಳು, ನಿಲ್ಲು, ಕೊಟ್ರ ತಗೋ ಅನ್ನೂದು. ನಮ್ಮ ಹುಡುಗೂರು 'ಕಸಗೋ' ಅಂತ ಬರದಿದ್ರು. ದೊಡ್ಡ ಜಗಳಾತು. ಕಡೀಕ ನಾ ಅದನ್ನ ತಗಸಿದೆ."

"ಕೊಡದಿದ್ರ?"

"ನಮಗೂ ಅದ ಅಂಜಿಕಿ ಇತ್ತು. ಮೊದಲನೆ ದಿನ ಉಸುರು ಬಿಗಿಹಿಡದು ಕುಂತಿದ್ವಿ. ಕೊಟ್ವು ನೋಡು, ಒಂದೂ ಇಲ್ಲ ಅನಲಿಲ್ಲ." ಅವಳು ಚಹಾ ಸೋಸಿ ನನ್ನ ಮುಂದಿಟ್ಟಳು. "ನಿಮ್ಮ ಮಂದಿಕಿಂತ ನಿಮ್ಮ ಬೆಂಕಿ ಶ್ಯಾಣ್ಯಾವು. ಕುಡಿ, ಆರಿ ಹೋಗತೈತಿ."

ಕುಡಿದೆ. ಬಿಸಿಯಾಗಿತ್ತು.

ಈ ಫೈಲಿನಿಂದ ಊರಿನ ಬೆಂಕಿಗೆ ಅಪಾಯವಿಲ್ಲ ಎಂದು ವರದಿ ಬರೆದು ಸಾಹೇಬರ ಮುಂದಿಟ್ಟೆ. ಅವರು ನಿಧಾನವಾಗಿ ಓದಿದರು.

"ಇವರ ಫೈಲಿಗೆ ಇವರೇ ಸಹಿ ಹಾಕ್ಕೊಂಡ್ರೆ ಅದು ಸಹಿಯಾ ಕಸ್ತೂರಿ?"

"ಮೊದಲನೆಯದನ್ನ ಸಹಿ ಇಲ್ಲ ಅಂತ ತೆಗೆದ್ರಿ ಸರ್. ಜಾಗ ಸರಿಯಿಲ್ಲ ಅಂತ ತೆಗೆದ್ರಿ. ಇದು ಸರಿಯಾದ ಜಾಗದಲ್ಲೇ ಇದೆ."

"ಅದೇ ನನಗೆ ಹೆದರಿಕೆ. ಅದು ಹೊರಗಿತ್ತು, ಬರೀ ಅನುಮಾನ ಇತ್ತು. ಇದು ಒಳಗೆ ಬಂದು ಕೂತಿದೆ. ಇನ್ನು ಅನುಮಾನ ಏನು ಉಳೀತು?"

"ಅದು ಏನು ಮಾಡುತ್ತೆ ಅಂತ ನೋಡಿದ್ದೀನಿ ಸರ್."

"ಎಲ್ಲರ ಒಲೆಯಿಂದ ತಗೊಳ್ಳುತ್ತೆ ಅಂತ ನೀವೇ ಬರೆದಿದ್ದೀರಲ್ಲ."

ಮರುದಿನ ಆಟೋದಲ್ಲಿ ಮೈಕು ಕಟ್ಟಿಕೊಂಡು ಬೀದಿಬೀದಿಗೆ ಸಾರಿದರು. ಅಪರಿಚಿತ ಫೈಲೊಂದು ನಿಮ್ಮ ಒಲೆಯ ಬೆಂಕಿಯನ್ನು ತೆಗೆದುಕೊಂಡು ಹೋಗುತ್ತಿದೆ, ಸಾರ್ವಜನಿಕರು ಗಾಬರಿಯಾಗಬಾರದು. ಅಲ್ಲಿಯ ತನಕ ಯಾರ ಹಾಲೂ ಉಕ್ಕದೆ ಉಳಿದಿರಲಿಲ್ಲ. ಅಂದಿನಿಂದ ಊರಿನಲ್ಲಿ ದೋಸೆ ಕೆಂಪಗಾಗಲಿಲ್ಲ, ಅನ್ನ ಅಗುಳಾಗಲಿಲ್ಲ, ಗುಡಿ ಬೀದಿಯ ಹೋಟೆಲಿನವರು ಬೋಂಡಾ ಒಳಗೆ ಹಸಿಯಾಗಿದೆ ಎಂದು ಕಚೇರಿಗೇ ತಂದು ತೋರಿಸಿದರು. ನಮ್ಮ ಮನೆಯಲ್ಲೂ ಅವ್ವ ಒಲೆಯ ಮುಂದೆ ಕುಳಿತು ಸಿಡಿಮಿಡಿಗೊಂಡಳು.

"ಬ್ಯಾಳಿ ಬೇಯವಲ್ದು ನೋಡು."

"ನಿನ್ನಿ ಬೆಂದಿತ್ತಲ್ಲ ಅವ್ವ. ನಿನ್ನಿನೂ ತಗೊಂಡೈತಿ ಅದು."

"ನಿನ್ನಿ ನನಗ ಗೊತ್ತಿರಲಿಲ್ಲ."

ಗುರುಪಾದಯ್ಯನವರು ಫೈಲು ಅಳಿಸಲು ಹೋದರು. 'ಬಳಕೆಯಲ್ಲಿದೆ' ಎಂದು ಬಂತು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಒತ್ತಿ ನೋಡಿದರು. ಯಾವಾಗಲೂ ಬಳಕೆಯಲ್ಲೇ ಇತ್ತು. ಹದಕೇರಿಯವರು ಈ ಸಲ ಪಾಳಿ ಹಾಕಿಕೊಂಡಿದ್ದರು. ಒಂದು ಮನೆಯ ಒಲೆ ಆರಿಸುವ ಮೊದಲು ಇನ್ನೊಂದು ಮನೆಯಲ್ಲಿ ಹಚ್ಚುತ್ತಿದ್ದರು. ಬೇಯಿಸಲು ಏನೂ ಇಲ್ಲದಿದ್ದರೆ ಬರೀ ನೀರು ಕಾಯಿಸುತ್ತಿದ್ದರು.

"ಇರಲಿ," ಎಂದರು ಸಾಹೇಬರು. "ಅಲ್ಲಿ ಯಾರಾದರೂ ಸಾಯ್ತಾರಲ್ಲ, ಆಗ ಅವರಾಗಿಯೇ ಆರಿಸ್ತಾರೆ." ಅದನ್ನು ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಬಸ್ಸು ತಡವಾದರೂ ಬರುತ್ತದೆ ಎನ್ನುವ ಹಾಗೆ ಹೇಳಿದರು.

ದ್ಯಾಮಪ್ಪನಿಗೆ ಕೆಮ್ಮು ಹೆಚ್ಚಾಗಿತ್ತು. ಮನೆಯಲ್ಲಿ ಬೆಂಕಿ ಬಂದಿದ್ದರೂ ಅವನು ಬೀಡಿ ಸೇದಲು ಕಲ್ಲಿನ ತನಕ ಬರುವುದನ್ನು ಬಿಟ್ಟಿರಲಿಲ್ಲ. ಈಗ ಕುತ್ತಿಗೆ ಚಾಚುತ್ತಿರಲಿಲ್ಲ, ತನ್ನ ಕೇರಿಯಲ್ಲೇ ನೆಟ್ಟಗೆ ನಿಂತು ನಮ್ಮ ಬೀದಿಯನ್ನು ನೋಡುತ್ತ ಸೇದುತ್ತಿದ್ದ. "ಯಾಕ ಇಲ್ಲೀತನಕ ಬರ್ತಿ, ಚಳಿ ಐತಿ," ಎಂದೆ ಒಂದು ದಿನ. "ರೂಢಿ ಆಗೈತಿ. ಮತ್ತ ನಿಮಗೂ ಕಾಣಬೇಕಲ್ಲ," ಎಂದ. ಅದಾಗಿ ಒಂದು ವಾರ ಕಳೆದಿರಲಿಲ್ಲ, ಬೆಳಗ್ಗೆ ಹೊದಿಕೆಯೊಳಗೇ ಹೋಗಿಬಿಟ್ಟಿದ್ದ.

ಸುದ್ದಿ ನನಗಿಂತ ಮೊದಲು ಕಚೇರಿ ಮುಟ್ಟಿತ್ತು. "ಕೂತ್ಕೊಳ್ಳಿ ಕಸ್ತೂರಿ," ಎಂದರು ಸಾಹೇಬರು. ಕೆಂಡದ ಫೈಲು ತೆರೆದಿತ್ತು. ಯಾವ ಯಾವ ಒಲೆ ಅದನ್ನು ಬಳಸುತ್ತಿದೆ ಎಂಬುದು ಪರದೆಯ ಮೇಲೆ ಕಾಣುತ್ತದೆ. ನಾವು ನೋಡುತ್ತಿದ್ದಂತೆ ಒಲೆಗಳು ಒಂದೊಂದಾಗಿ ಆರಿದವು. ಸತ್ತವನಿಗಾಗಿ ಪ್ರತಿ ಮನೆಯಲ್ಲೂ ನೀರು ಚಿಮುಕಿಸುತ್ತಿದ್ದರು. ಕೊನೆಗೆ ಒಂದು ಉಳಿಯಿತು. ಸಾಹೇಬರು ಕಾದರು. ಚಹಾ ತರಿಸಿ ಕುಡಿದರು. ಒತ್ತಿದರು. 'ಬಳಕೆಯಲ್ಲಿದೆ.'

"ಯಾರ ಮನೆ ಅದು?"

"ಸತ್ತವರ ಮನೆ ಸರ್."

"ಮರೆತಿರ್ತಾರೆ ಪಾಪ, ದುಃಖದಲ್ಲಿ. ಹೋಗಿ ಅವರ ಪದ್ಧತಿ ಅವರಿಗೆ ನೆನಪು ಮಾಡಿ. ಒಂದು ನಿಮಿಷ ಆರಿಸಿದ್ರೆ ಸಾಕು, ತಪಾಸಣೆಗೆ ಅಂತ ಹೇಳಿ."

ದ್ಯಾಮಪ್ಪನನ್ನು ಅಂಗಳದ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ಭಂಡಾರ, ಮಡಿಲಲ್ಲಿ ಒಂದು ಕಟ್ಟು ಬೀಡಿ. ಹಲಗೆ ಬಾರಿಸುವವರು ಬೇವಿನ ಮರದ ಕೆಳಗೆ ತಣ್ಣನೆಯ ಹಲಗೆ ಹಿಡಿದು ನಿಂತಿದ್ದರು. ಒಳಗೆ ಹುಲಿಗೆವ್ವ ಒಲೆಯ ಮುಂದೆ ಕುಳಿತಿದ್ದಳು. ಒಲೆಯ ಮೇಲೆ ಏನೂ ಇರಲಿಲ್ಲ. ಕೇರಿಯ ಹಿರಿಯ ನಿಂಗಜ್ಜ ಹೊಸ್ತಿಲಲ್ಲಿ ನಿಂತು ಹೇಳುತ್ತಿದ್ದ.

"ಆರಸವಾ ಹುಲಿಗಿ. ಹೆಣ ಇರೂ ಮನ್ಯಾಗ ಒಲಿ ಉರದ್ರ ಹೋಗಾಂವಗ ದಾರಿ ಕಾಣಾಂಗಿಲ್ಲ."

"ಬೆಳಕಿನ್ಯಾಗ ದಾರಿ ಕಾಣಾಂಗಿಲ್ಲೇನು ಮಾವಾ?"

"ಹಿರ್ಯಾರು ಮಾಡಿಟ್ಟದ್ದು ಇದು. ನಾಕ ಮಂದಿ ಏನಂದಾರು?"

"ಹಿರ್ಯಾರು ಹೇಳಿಧಾಂಗ ನಮ್ಮ ಮಾವನ ಮಣ್ಣು ಮಾಡಿದ್ವಿ. ಅವನ್ನ ಹೊತ್ತ ಒಯ್ಯೂದರಾಗ ಬೆಂಕಿನೂ ಒಯ್ದ್ರು."

ನಿಂಗಜ್ಜ ಬಾಗಿಲ ಚೌಕಟ್ಟಿಗೆ ಕೈ ಊರಿದ. "ನಿನ್ನ ಗಂಡವಾ ಅಂವಾ," ಎಂದ ಮೆಲ್ಲಗೆ.

"ಅದಕ್ಕ ನಾ ಕುಂತೀನಿ. ಬ್ಯಾರೆ ಮನೀಯವ್ರಿಗೆ ಉರಸ್ರಿ ಅಂತ ಹೆಂಗ ಹೇಳ್ಲಿ?" ಅವಳ ಕಣ್ಣು ನನ್ನ ಮೇಲೆ ಬಿತ್ತು. "ಕಸ್ತೂರವ್ವ, ಮಣ್ಣಿಗೆ ಬಂದಿಯೋ, ಆಫೀಸಿನಿಂದ ಬಂದಿಯೋ?"

"ಆಫೀಸಿನಿಂದ."

"ಹೇಳು ಮತ್ತ."

ಸಾಹೇಬರು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ತಪಾಸಣಿ ನೀನೇ ಮಾಡಿದ್ಯಲ್ಲ. ಏನಂತ ಬರದಿ?"

"ಅಪಾಯ ಇಲ್ಲಂತ."

"ಮತ್ತ?"

ಅವಳು ಒಂದು ಕಟ್ಟಿಗೆಯನ್ನು ಒಲೆಯೊಳಗೆ ಸರಿಸಿದಳು. "ಹುಲಿಗೆವ್ವ ಆರಸಾಂಗಿಲ್ಲಂತ ಹೇಳು," ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಅಂಗಳದ ಕಡೆ ಕೂಗಿದಳು. "ಏ, ಆ ಹಲಗಿ ಹಂಗ್ಯಾಕ ಹಿಡಕೊಂಡು ನಿಂತೀರಿ? ನಾನೇ ಬಿಗದದ್ದು ಅವು. ತರ್ರಿ ಇಲ್ಲೆ."

ಯಾರೂ ಅಲುಗಲಿಲ್ಲ. ಕೊನೆಗೆ ಒಬ್ಬ ಬಂದ. ಹೊಸ್ತಿಲಲ್ಲಿ ನಿಂತು ನಿಂಗಜ್ಜನ ಮುಖ ನೋಡಿದ. ನಿಂಗಜ್ಜ ಬೇರೆ ಕಡೆ ನೋಡಿದ. ಅವನು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಹಲಗೆಯನ್ನು ಉರಿಗೆ ಹಿಡಿದ, ತಿರುಗಿಸಿದ, ಬೆರಳಿನಿಂದ ತಟ್ಟಿದ. ಮೊದಲು ದಪ್ಪ ಸದ್ದು. ಮತ್ತೆ ಹಿಡಿದ, ತಟ್ಟಿದ. ಕಣ್ ಎಂದಿತು. ಅಂಗಳದಲ್ಲಿ ಅಳುತ್ತಿದ್ದ ಹೆಂಗಸರು ತಟಕ್ಕನೆ ನಿಲ್ಲಿಸಿದರು. ಉಳಿದವರು ಒಬ್ಬೊಬ್ಬರಾಗಿ ಬಂದರು. ನಿಂಗಜ್ಜ ಹೊರಗೆ ಹೋದ. ಸಿಟ್ಟಾಗಿ ಹೋದನೆಂದುಕೊಂಡೆ. ತನ್ನ ಮನೆಯ ಗೂಟದಿಂದ ಹಳೆಯ ಹಲಗೆಯನ್ನು ಇಳಿಸಿಕೊಂಡು ಬಂದು, "ನಂದೂ ಕಾಸು," ಎಂದು ಅವಳ ಮುಂದೆ ಹಿಡಿದ.

ನನ್ನ ಫೋನು ಹೊಡೆದುಕೊಂಡಿತು.

"ಇನ್ನೂ ಬಳಕೆಯಲ್ಲಿದೆ ಅಂತಲೇ ಬರ್ತಿದೆ. ಹೇಳಿದ್ರಾ?"

"ಹೇಳಿದೆ ಸರ್. ಆರಿಸಲ್ಲ ಅಂದ್ರು."

"ಏನದು ಸದ್ದು?"

"ಹಲಗೆ ಸರ್."

"ಒಲೆ ನಿಮಗೆಷ್ಟು ದೂರ ಇದೆ?"

"ಇಲ್ಲೇ ಇದೆ."

"ನೀರು?"

ಹೆಣದ ಸ್ನಾನಕ್ಕೆಂದು ತುಂಬಿಟ್ಟ ಕೊಡ ಹೊಸ್ತಿಲ ಪಕ್ಕದಲ್ಲಿತ್ತು. ಅದರ ಮೇಲೆ ಒಂದು ಚೊಂಬು. "ಇದೆ," ಎಂದೆ.

"ಒಂದು ಚೊಂಬು ಹಾಕಿಬಿಡಿ. ನಾನು ಇಲ್ಲಿ ಬೆರಳು ಇಟ್ಕೊಂಡೇ ಕೂತಿದ್ದೀನಿ. ಇದು ಆದೇಶ ಕಸ್ತೂರಿ, ನಿಮ್ಮ ಕೆಲಸದ ಪ್ರಶ್ನೆ."

ಸಾಹೇಬರ ದನಿ ಫೋನಿನ ಹೊರಗೂ ಕೇಳುತ್ತಿತ್ತು. ಹಲಗೆ ಕಾಸುತ್ತಿದ್ದವರು ಕೈ ನಿಲ್ಲಿಸಿದರು. ಹುಲಿಗೆವ್ವ ಕುಳಿತಲ್ಲಿಂದಲೇ ಸ್ವಲ್ಪ ಪಕ್ಕಕ್ಕೆ ಸರಿದು, ನನಗೂ ಒಲೆಗೂ ನಡುವಿನ ದಾರಿ ಬಿಟ್ಟುಕೊಟ್ಟಳು.

"ಹಾಕ್ತಿದ್ದೀರಾ?"

"ಇಲ್ರಿ ಸರ್," ಎಂದೆ. "ನಾ ಹಾಕಾಂಗಿಲ್ಲ."